ನನ್ನ ಅರ್ಜಿ, ನೀಲವ್ವನ ರೊಟ್ಟಿ

ಮೊನ್ನೆ ಅಂಗಡಿಯ ಗಲ್ಲಾದ ಕೆಳಗಿನ ಖಾನೆಯನ್ನು ಪೂರ್ತಿ ಹೊರಗೆಳೆದು ಧೂಳು ಒರೆಸುತ್ತಿದ್ದೆ. ಯಾವ ಬೀಗಕ್ಕೂ ಹತ್ತದ ಬೀಗದಕೈಗಳು, ಒಂದು ಕಾಲು ಮುರಿದ ಕನ್ನಡಕ, ಅಪ್ಪನ ಅಡಕೊತ್ತು. ಇವೆಲ್ಲದರ ತಳದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಬಿಡಿಸಿದರೆ ನಾನೇ ಬರೆದ ಅರ್ಜಿಯ ಕಾರ್ಬನ್ ಪ್ರತಿ. ಮೊದಲು ಕಣ್ಣು ಹೋದದ್ದು ಅಕ್ಷರದ ಮೇಲೆ. ಆಹಾ, ಎಂಥ ಅಕ್ಷರ! ಒಂದೊಂದೂ ಈಗಷ್ಟೇ ತೊಳೆದಿಟ್ಟ ಲೋಟದ ಹಾಗಿತ್ತು. ಆಮೇಲೆ ಒಕ್ಕಣೆ ಓದಿದೆ. ಓದಿ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬನೇ ಕುಳಿತು ನಾಚಿಕೊಂಡೆ.

ನನ್ನ ಅಕ್ಷರ ದುಂಡಗಿದೆ ಎಂಬುದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅರ್ಧ ಫಜೀತಿಗಳಿಗೆ ಅದೇ ಮೂಲ. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ನನ್ನ ಪಾಟಿಯನ್ನು ಎತ್ತಿ ಹಿಡಿದು ಇಡೀ ವರ್ಗಕ್ಕೆ ತೋರಿಸಿದ್ದರು. ಅಂದು ಏರಿದ ಜಂಬ ಇನ್ನೂ ಇಳಿದಿಲ್ಲ. ಓಣಿಯಲ್ಲಿ ಯಾರ ಮನೆಯ ಲಗ್ನವಾದರೂ ಪತ್ರಿಕೆಗಳ ಮೇಲೆ ವಿಳಾಸ ಬರೆಯಲು ನನಗೇ ಕರೆ. ಒಮ್ಮೆ ಎರಡು ಮನೆಗಳ ಪತ್ರಿಕೆಗಳನ್ನು ಒಂದೇ ಮಧ್ಯಾಹ್ನ ಬರೆಯಲು ಕುಳಿತೆ. ಅಕ್ಷರದ ಕಡೆಗೇ ಲಕ್ಷ್ಯವಿಟ್ಟು ಲಕೋಟೆಗಳನ್ನು ಅದಲುಬದಲು ಮಾಡಿದೆ. ಈ ಮನೆಯ ನೆಂಟರು ಆ ಮನೆಯ ಮಂಟಪಕ್ಕೆ ಹೋಗಿ ಅಕ್ಷತೆ ಹಾಕಿ ಬಂದರು. ಪುಣ್ಯಕ್ಕೆ ಅಲ್ಲಿ ಊಟ ರುಚಿಯಾಗಿತ್ತಂತೆ, ಅದಕ್ಕೇ ಗದ್ದಲವಾಗಲಿಲ್ಲ.

ನಮ್ಮದು ಬಾಂಡೆ ಸಾಮಾನಿನ ಅಂಗಡಿ. ತಪೇಲಿ, ತಂಬಿಗೆ, ಕೊಡ, ಪರಾತ, ಲೋಟ ಎಲ್ಲ ಸಿಗುತ್ತದೆ. ಮನೆ ಕೇಶ್ವಾಪುರದಲ್ಲಿ, ಅಂಗಡಿ ಪೇಟೆಯಲ್ಲಿ. ನಾವಿರುವ ರಸ್ತೆಗೆ ಹುಬ್ಬಳ್ಳಿಯ ಜನ ಒಂದು ಕಾಲಕ್ಕೆ ಲಗ್ನದ ರಸ್ತೆ ಎನ್ನುತ್ತಿದ್ದರು. ಒಂದು ತುದಿಯಲ್ಲಿ ಹೊಕ್ಕವರು ಸೀರೆ, ಬಳೆ, ಬಾಂಡೆ, ಗಾದಿ ಎಲ್ಲ ಮುಗಿಸಿ ಇನ್ನೊಂದು ತುದಿಯಲ್ಲಿ ಹೊರಬಿದ್ದರೆ ಅರ್ಧ ಲಗ್ನ ಆದಂತೆಯೇ. ಪಾತ್ರೆಯ ಮೇಲೆ ಹೆಸರು ಕೊರೆಯುವ ಮಷೀನನ್ನು ಅಪ್ಪ ಮೊದಲ ಸಲ ನನ್ನ ಕೈಗೆ ಕೊಟ್ಟಾಗ ನನಗೆ ಹದಿನಾಲ್ಕು. ಒಂದು ಕೊಡದ ಮೇಲೆ ಮದುಮಗಳ ಹೆಸರನ್ನು ಎಷ್ಟು ವಿಸ್ತಾರವಾಗಿ, ಎಷ್ಟು ಬಳ್ಳಿ ಸುತ್ತಿ ಬರೆದೆನೆಂದರೆ ಮದುಮಗನ ಹೆಸರಿಗೆ ಜಾಗವೇ ಉಳಿಯಲಿಲ್ಲ. ಅವಳಿಗೆ ಅದು ಬಹಳ ಇಷ್ಟವಾಯಿತು. ಅವನಿಗೆ ಹೇಗನಿಸಿತೋ ಯಾರೂ ಕೇಳಲಿಲ್ಲ.

ರಸ್ತೆಯ ನಡುಮಧ್ಯದಲ್ಲಿ ಒಂದು ಖಾನಾವಳಿ ಇತ್ತು. ಮಧ್ಯಾಹ್ನ ಒಂದೂವರೆಗೆ ನಾನು ಮತ್ತು ಎದುರಿನ ಗಾದಿ ಅಂಗಡಿಯ ರಫೀಕ್ ಒಟ್ಟಿಗೇ ಶಟರ್ ಅರ್ಧ ಎಳೆದು ಅಲ್ಲಿಗೆ ಹೋಗುತ್ತಿದ್ದೆವು. ಊಟದ ಕೋಣೆಗೂ ಅಡಿಗೆಮನೆಗೂ ನಡುವೆ ಒಂದು ಕಿಂಡಿ. ಆಚೆ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು. ಹಸಿರು ಬಳೆಯ ಒಂದು ಕೈ ಕಿಂಡಿಯಿಂದ ಹೊರಬಂದು, ಜೋಳದ ರೊಟ್ಟಿಯನ್ನು ತಟ್ಟೆಗೆ ಇಟ್ಟು ಒಳಗೆ ಹೋಗುತ್ತಿತ್ತು. ಅಂಚು ಹಾಳೆಯಷ್ಟು ತೆಳ್ಳಗೆ, ನಡುವೆ ಮೂರು ಬೆರಳಿನ ಗುರುತು. ಇಪ್ಪತ್ತು ವರ್ಷ ಆ ರೊಟ್ಟಿ ತಿಂದೆ. ಕಿಂಡಿಯೊಳಗೆ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಹಸಿದವನ ಲಕ್ಷ್ಯವೆಲ್ಲ ತಟ್ಟೆಯ ಮೇಲೆಯೇ ಇರುತ್ತದೆ.

ಆಮೇಲೆ ನಮ್ಮ ರಸ್ತೆಗೆ ಮೇಲ್ಸೇತುವೆ ಬಂತು. ಬಂತು ಎಂದರೆ ಸೇತುವೆ ಬರಲಿಲ್ಲ, ಅದರ ತಗಡುಗಳು ಬಂದವು. ಒಂದು ಮುಂಜಾನೆ ಬಂದು ನೋಡಿದರೆ ಅಂಗಡಿಯ ಮುಂದೆ ಆಳೆತ್ತರದ ತಗಡಿನ ಗೋಡೆ. ರಸ್ತೆ ಅಗಲ ಮಾಡಲು ಖಾನಾವಳಿಯನ್ನೂ ಅದರ ಅಕ್ಕಪಕ್ಕದ ಮೂರು ಅಂಗಡಿಗಳನ್ನೂ ಕೆಡವಿದರು. ಯಂತ್ರ ಭೂಮಿ ಕೊರೆಯತೊಡಗಿದರೆ ನಮ್ಮ ಅಂಗಡಿಯ ಅಷ್ಟೂ ಪಾತ್ರೆಗಳು ಹಾಡುತ್ತಿದ್ದವು. ಲೋಟಗಳು ಸಣ್ಣ ದನಿಯಲ್ಲಿ ಕಿಣಿಕಿಣಿ, ಹಂಡೆಗಳು ದಪ್ಪ ದನಿಯಲ್ಲಿ ಗುಂಯ್. ಮೊದಮೊದಲು ಸಿಟ್ಟು ಬರುತ್ತಿತ್ತು. ಗಿರಾಕಿಗಳು ನಿಂತುಹೋದ ಮೇಲೆ ಆ ಸಂಗೀತ ಕಛೇರಿಯೊಂದೇ ಜೊತೆಗೆ ಉಳಿಯಿತು.

ದಾರಿಯೇ ಸಿಗದ ಮೇಲೆ ಗಿರಾಕಿಗಳು ಹೇಗೆ ಬಂದಾರು? ತಗಡುಗಳ ನಡುವೆ ಅಲ್ಲಲ್ಲಿ ಸಂದಿ ಬಿಟ್ಟಿದ್ದರು, ನಿಜ. ಆದರೆ ಇವತ್ತು ಇದ್ದ ಸಂದಿ ನಾಳೆ ಮುಚ್ಚಿರುತ್ತಿತ್ತು. ಸೀರೆ ಅಂಗಡಿ ಬಾಗಿಲು ಹಾಕಿತು. ಮಿಠಾಯಿ ಅಂಗಡಿಯವರು ಬೇರೆ ಕಡೆ ಹೋದರು. ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ, ಮನೆಯಿಲ್ಲದ ನಾಲ್ಕೈದು ಜನ ಬಂದು ಮಲಗತೊಡಗಿದರು. ನಮ್ಮ ಮೆಟ್ಟಿಲಿಗೆ ಹೊಂದಿಕೊಂಡಿದ್ದ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಇದ್ದಳು. ಒಂದು ಕೌದಿ, ಒಂದು ಗಂಟು, ಇಡೀ ರಸ್ತೆಗೆ ಕೇಳುವಂಥ ಒಂದು ದೊಡ್ಡ ದನಿ. ಇಷ್ಟೇ ಅವಳ ಸಂಸಾರ. ಹೆಸರು ನೀಲವ್ವ ಎಂದು ಆಮೇಲೆ ತಿಳಿಯಿತು.

ಅಂಗಡಿ ತೆಗೆಯುವ ಮುಂಚೆ ಮೆಟ್ಟಿಲಿಗೆ ನೀರು ಹಾಕಿ ತೊಳೆಯುವುದು ಅಪ್ಪನ ಕಾಲದ ರೂಢಿ. ಆ ತಿಂಗಳುಗಳಲ್ಲಿ ನಾನು ಸ್ವಲ್ಪ ಬೇಗ ಬಂದು, ಸ್ವಲ್ಪ ಹೆಚ್ಚು ನೀರು ಹಾಕುತ್ತಿದ್ದೆ. ನೀರು ಆ ಕಡೆಗೂ ಹರಿಯುತ್ತಿತ್ತು. ಅವಳು ಕೌದಿ ಸುತ್ತಿಕೊಂಡು ಎದ್ದು ಹೋಗುತ್ತಿದ್ದಳು. ಬಾಯಿಬಿಟ್ಟು 'ಏಳು' ಅನ್ನಬೇಕಿರಲಿಲ್ಲ. ನೀರೇ ಹೇಳುತ್ತಿತ್ತು.

ಆಗಲೇ ರಸ್ತೆಯ ಅಂಗಡಿಕಾರರೆಲ್ಲ ನಮ್ಮಲ್ಲಿ ಸೇರಿ ಒಂದು ಅರ್ಜಿ ಕೊಡಬೇಕೆಂದು ತೀರ್ಮಾನಿಸಿದರು. ಸೇತುವೆ ಕಟ್ಟುವವರಿಗೆ ಹೇಳಿ ಹೇಳಿ ಎಲ್ಲರೂ ದಣಿದಿದ್ದರು. ಈಗ ಯಾರಿಗಾದರೂ ಏನನ್ನಾದರೂ ಹೇಳಲೇಬೇಕಿತ್ತು.

"ಈ ಮೆಟ್ಟಲ ಮ್ಯಾಲ ಮಲಗೋರನ್ನ ನೋಡೇ ಗಿರಾಕಿ ಹಿಂದಕ್ಕ ಹೊಕ್ಕಾವು," ಅಂದರು ಬಳೆ ಅಂಗಡಿಯವರು.

"ಗಿರಾಕಿ ಎಲ್ಲಿಂದ ಬಂದ್ರಿ ಹಿಂದಕ್ಕ ಹೋಗಾಕ?" ಅಂದ ರಫೀಕ್. ಅವನ ಮಾತು ಯಾರೂ ಕೇಳಲಿಲ್ಲ. ನಾನಂತೂ ಅಷ್ಟರಲ್ಲಿ ಪೆನ್ನಿನ ಟೊಪ್ಪಿಗೆ ತೆಗೆದಾಗಿತ್ತು.

"ನಗರದ ಸೌಂದರ್ಯಕ್ಕೂ ವ್ಯಾಪಾರಕ್ಕೂ ಧಕ್ಕೆಯಾಗುತ್ತಿರುವ ಕಾರಣ, ಸದರಿ ನಿರಾಶ್ರಿತರನ್ನು ಯೋಗ್ಯ ಸ್ಥಳಕ್ಕೆ ಸಾಗಿಸಬೇಕಾಗಿ ವಿನಂತಿ." ಕಂಪ್ಯೂಟರಿನ ಕಾಲದಲ್ಲೂ ಕಾರ್ಬನ್ ಇಟ್ಟು ಬರೆದೆ. 'ಸೌಂದರ್ಯ'ದ ಸೊನ್ನೆ ಎಷ್ಟು ದುಂಡಗೆ ಬಂದಿತ್ತೆಂದರೆ ಎಲ್ಲರೂ ಬಗ್ಗಿ ನೋಡಿ ಮೆಚ್ಚಿದರು. ಅರ್ಜಿ ಹೋಯಿತು. ಅರ್ಜಿಗಳು ಎಲ್ಲಿ ಹೋಗುತ್ತವೋ ಅಲ್ಲಿಗೇ ಹೋಗಿರಬೇಕೆಂದು ನಾವು ಮರೆತೆವು.

ಇದಾಗಿ ಹದಿನೈದು ದಿನವಾಗಿರಬೇಕು. ಒಂದು ಮುಂಜಾನೆ ಹನ್ನೊಂದರ ಹೊತ್ತಿಗೆ ನಾನು ಗಲ್ಲಾದ ಮುಂದೆ ತೂಕಡಿಸುತ್ತಿದ್ದಾಗ ತಗಡಿನಾಚೆಯಿಂದ ಆ ದೊಡ್ಡ ದನಿ ಕೇಳಿತು.

"ಸಾವಕಾರ್ರ, ಏಳ್ರಿ! ನಿಮ್ಮ ಗಿರಾಕಿ ಬಂದಾರ!"

ನೀಲವ್ವ ಮುಂದೆ, ಅವಳ ಹಿಂದೆ ಸುಳ್ಳ ಗ್ರಾಮದಿಂದ ಬಂದ ಒಂದು ಲಗ್ನದ ಪರಿವಾರ. ಹನ್ನೊಂದು ಜನ, ಸಾಲಾಗಿ, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು.

"ಆ ಕಡಿ ಕಂಬದ ಬುಡಕ ನಿಂತು ಅಳಾಕತ್ತಿದ್ರು. ಕರ್ಕೊಂಡ ಬಂದೇನಿ," ಅಂದಳು ನೀಲವ್ವ.

"ಅಳಾಕತ್ತಿದ್ದಿಲ್ಲವಾ, ಬೈಯಾಕತ್ತಿದ್ದೆ," ಅಂದಳು ಅವರ ಹಿರಿಯಜ್ಜಿ, ಸೊಂಟಕ್ಕೆ ಕೈ ಕೊಟ್ಟು ನಿಂತು. "ಮೂರು ಸುತ್ತು ಹಾಕಿದ್ವಿ. ನನ್ನ ಲಗ್ನದಾಗ ಇದೇ ಅಂಗಡ್ಯಾಗ ಬಾಂಡೆ ತಗೊಂಡೇವಿ. ಮೊಮ್ಮಗಳಿಗೂ ಇಲ್ಲೇ ತಗೊಳ್ಳೋದು ಅಂತ ಹಟ ಹಿಡದು ಬಂದೇನಿ."

ಎಷ್ಟೋ ವಾರಗಳ ಮೇಲೆ ಅಂಗಡಿಯಲ್ಲಿ ಮನುಷ್ಯರ ಗದ್ದಲ ಕೇಳಿತು. ಹೆಸರು ಕೊರೆಯುವ ಮಷೀನಿನ ಸದ್ದಿಗೆ ಹೊರಗಿನ ಯಂತ್ರವೂ ಸುಮ್ಮನಾದಂತೆ ನನಗೆ ಅನಿಸಿತು. ಅವರು ಹೋದ ಮೇಲೆ ನೀಲವ್ವನಿಗೆ ಚಹಾ ತರಿಸಿದೆ. ಕುಡಿದು, ಕಪ್ಪು ಕೆಳಗಿಟ್ಟು ಅಂದಳು:

"ಚಾ ಛಲೋ ಇತ್ರಿ. ನಾಳೆಯಿಂದ ಆ ನೀರು ಒಂದ್ ಸ್ವಲ್ಪ ತಡಾ ಮಾಡಿ ಹಾಕ್ರಿ. ಕೌದಿ ಒಣಗೂದಿಲ್ಲ."

ನಾನು ಹೂಂ ಅಂದೆ.

ಅಂದಿನಿಂದ ಅವಳೇ ನಮ್ಮ ರಸ್ತೆಯ ದಾರಿ ಆದಳು. ಯಾವ ಸಂದಿ ತೆರೆದಿದೆ, ಎಲ್ಲಿ ಹೊಸ ಗುಂಡಿ ತೋಡಿದ್ದಾರೆ, ಯಾವ ಹಲಗೆ ಮೇಲೆ ಕಾಲಿಟ್ಟರೆ ಅಲುಗುತ್ತದೆ, ಎಲ್ಲ ಅವಳಿಗೆ ಗೊತ್ತು. ರಸ್ತೆಯ ತುದಿಯಲ್ಲಿ ಕಲ್ಲಿನ ಮೇಲೆ ಕುಳಿತು ಬಂದವರ ಮುಖ ನೋಡಿಯೇ ಹೇಳುತ್ತಿದ್ದಳು, "ನೀವು ಗಾದಿಗೆ ಬಂದೀರಿ, ಬರ್ರಿ." "ಯವ್ವಾ, ಬಳಿ ಅಂಗಡಿ ಮುಚ್ಚಿಲ್ಲ, ನಿಂದರು, ನಾ ಬರ್ತೇನಿ." ಒಮ್ಮೆ ಒಬ್ಬ ಇಂಜಿನಿಯರನೇ ದಾರಿ ತಪ್ಪಿ ಅವಳನ್ನು ಕೇಳಿದ. ಅವನನ್ನು ಅವನದೇ ಕಂಬದ ಹತ್ತಿರ ಬಿಟ್ಟು ಬಂದಳು. ಬಳೆ ಅಂಗಡಿಯವರು ಮಧ್ಯಾಹ್ನದ ಡಬ್ಬಿಯಲ್ಲಿ ಅವಳಿಗೆಂದು ಒಂದು ಪಾಲು ತರತೊಡಗಿದರು. ಎಲ್ಲರೂ ಅವಳನ್ನು ನೀಲವ್ವ, ನೀಲಕ್ಕ, ಮೌಶಿ ಎನ್ನುತ್ತಿದ್ದರು. ಆದರೂ ಸಂಜೆ ಶಟರ್ ಎಳೆದು ನಾವು ನಮ್ಮ ನಮ್ಮ ಮನೆಗೆ ಹೋದರೆ ಅವಳು ಅದೇ ಮೆಟ್ಟಿಲಿಗೆ ಹೋಗುತ್ತಿದ್ದಳು. ಅದರಲ್ಲಿ ಸರಿಯಿಲ್ಲದ್ದೇನೋ ಇದೆಯೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅಥವಾ ಹೊಳೆದರೂ ಮನೆ ಮುಟ್ಟುವುದರೊಳಗೆ ಮರೆಯುತ್ತಿತ್ತು.

ಒಂದು ಬೆಳಿಗ್ಗೆ ನಾನು ಶಟರ್ ಎತ್ತುತ್ತಿರುವಾಗ ತಗಡಿನಾಚೆ ಪಾಲಿಕೆಯ ಒಂದು ವ್ಯಾನು ಬಂದು ನಿಂತಿತು. ಇಳಿದವರು ಬಹಳ ಸಂಭಾವಿತರು. ಮೆಟ್ಟಿಲ ಮೇಲಿದ್ದ ಐವರನ್ನೂ ಸಾವಕಾಶವಾಗಿ ಮಾತಾಡಿಸಿ, ಆಸರೆ ಕೇಂದ್ರದಲ್ಲಿ ಊಟ, ಹಾಸಿಗೆ ಇದೆಯೆಂದು ಹೇಳಿ, ಗಂಟು ಕಟ್ಟಲು ಹೇಳಿದರು. ಅವರ ಮುಖ್ಯಸ್ಥರು ನನ್ನ ಹತ್ತಿರ ಬಂದು ಕೈ ಮುಗಿದರು.

"ಅರ್ಜಿ ಬರದವರು ನೀವ ಏನ್ರಿ? ಭಾಳ ಚಂದ ಅಕ್ಷರ ರಿ ನಿಮ್ದು. ನಮ್ಮ ಆಫೀಸ್ನ್ಯಾಗ ಎಲ್ಲಾರೂ ನೋಡಿದ್ರು. ಆ ಅಕ್ಷರಕ್ಕೇ ಫೈಲ್ ಮ್ಯಾಲ ಬಂತು ನೋಡ್ರಿ."

ಜೀವಮಾನದಲ್ಲಿ ಮೊದಲ ಸಲ ನನ್ನ ಅಕ್ಷರದ ಹೊಗಳಿಕೆ ಕೇಳಿ ಭೂಮಿ ಬಾಯಿಬಿಡಬಾರದೇ ಅನಿಸಿತು. ಅದೂ ಎಲ್ಲೆಂದರಲ್ಲಿ ಗುಂಡಿ ತೋಡಿದ್ದ ರಸ್ತೆಯಲ್ಲಿ. ನೀಲವ್ವ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಅರ್ಜಿ ನೀವ ಬರದಿದ್ರೇನ್ರಿ?"

"ಹೌದು ನೀಲವ್ವಾ. ಆವಾಗ... ಅದು ಮೊದಲ..."

"ಇರಲಿ ಬಿಡ್ರಿ." ಅವಳ ಮುಖದಲ್ಲಿ ಸಿಟ್ಟಿದೆಯೋ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಚಲೋ ಇತ್ತು. "ಇವತ್ತ ಹತ್ತಕ್ಕ ಕುಂದಗೋಳದವರು ಬರ್ತಾರ, ಹಂಡೇದವರು. ನೀವ ಹೋಗಿ ಕರ್ಕೊಂಡ ಬರ್ರಿ. ಎರಡನೇ ಸಂದಿ ನಿನ್ನೆ ಮುಚ್ಯಾರ. ಮೂರನೇದ್ದರಾಗಿಂದ ಬರ್ರಿ, ಎಡಕ್ಕ ಕೆಸರೈತಿ."

ಹೇಳಿ ವ್ಯಾನು ಹತ್ತಿದಳು. ಹತ್ತಕ್ಕೆ ನಾನು ಕುಂದಗೋಳದವರನ್ನು ಕರೆಯಲು ಹೋದೆ. ಅವರು ಸಿಗಲಿಲ್ಲ. ಎಡಕ್ಕಿದ್ದ ಕೆಸರು ಸಿಕ್ಕಿತು, ಮೊಣಕಾಲಮಟ. ಐವತ್ತೇಳು ವರ್ಷ ಓಡಾಡಿದ ರಸ್ತೆಯಲ್ಲಿ ಹಿಂದಿರುಗುವ ದಾರಿ ತಿಳಿಯದೆ ತಗಡು ಬಡಿಯುತ್ತ ನಿಂತೆ. ಕೊನೆಗೆ ರಫೀಕ್ ಬಂದು ಕರೆದುಕೊಂಡು ಹೋದ.

ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿ ಸುಮಂಗಲಾಳಿಗೆ ಎಲ್ಲ ಹೇಳಿದೆ. ಪ್ಯಾಂಟಿನ ಕೆಸರು ನೋಡಿ ನಗುತ್ತಾಳೆ ಅಂದುಕೊಂಡಿದ್ದೆ. ಬಡಿಸುತ್ತಿದ್ದ ಸಟ್ಟುಗವನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದಳು:

"ಯೋಗ್ಯ ಸ್ಥಳ ಅಂತ ಬರದ್ರಲ್ಲಾ, ಎಲ್ಲೈತ್ರಿ ಅದು? ಒಮ್ಮೆರ ನೋಡೀರೇನು?"

"ಇಲ್ಲ."

"ಮೊದಲ ಹೋಗಿ ನೋಡಿ ಬರ್ರಿ. ಊಟ ಆಮ್ಯಾಲ."

ಹಾಗೆ ನಾನು ಉಪವಾಸವಿದ್ದು, ರಫೀಕನ ಸ್ಕೂಟರಿನ ಹಿಂದೆ ಕುಳಿತು ಆಸರೆ ಕೇಂದ್ರಕ್ಕೆ ಹೋದೆ. ಊರ ಅಂಚಿನ ಒಂದು ಹಳೆಯ ಕಟ್ಟಡ. ಉದ್ದನೆಯ ಪಡಸಾಲೆಯಲ್ಲಿ ಜನ ಊಟಕ್ಕೆ ಕುಳಿತಿದ್ದರು. ನೋಡಿಕೊಳ್ಳುವ ಮೇಡಂ ನಮ್ಮನ್ನೂ ಕೂಡಿಸಿದರು. "ಉಂಡ ಮ್ಯಾಲ ಮಾತಾಡೋಣು. ಇವತ್ತ ನಮ್ಮ ಅಡಿಗಿಯಾಕಿ ಬಂದಿಲ್ಲ. ಹೊಸದಾಗಿ ಬಂದಾಕಿ ತಾನ ಎದ್ದು ಒಲಿ ಮುಂದ ಕುಂತಾಳ."

ಒಳಗಿನಿಂದ ಸದ್ದು ಬರುತ್ತಿತ್ತು. ಪಟ್ ಪಟ್ ಪಟ್. ನಾನೂ ರಫೀಕನೂ ಒಬ್ಬರ ಮುಖ ಒಬ್ಬರು ನೋಡಿದೆವು. ತಟ್ಟೆಗೆ ರೊಟ್ಟಿ ಬಂತು. ಅಂಚು ಹಾಳೆಯಷ್ಟು ತೆಳ್ಳಗೆ, ನಡುವೆ ಮೂರು ಬೆರಳಿನ ಗುರುತು. ಒಂದು ತುತ್ತು ಬಾಯಿಗಿಟ್ಟ ರಫೀಕ್ ಅಗಿಯುವುದನ್ನು ನಿಲ್ಲಿಸಿದ. ಅವನ ಕಣ್ಣು ತುಂಬಿತ್ತು. ಖಾರಕ್ಕೆ ಎಂದು ಆಮೇಲೆ ಸುಳ್ಳು ಹೇಳಿದ.

ನಾನು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ನೀಲವ್ವ ಹಿಟ್ಟಿನ ಕೈಯಲ್ಲಿ ಬೆವರು ಒರೆಸಿಕೊಂಡು ತಲೆಯೆತ್ತಿದಳು.

"ನೀಲವ್ವಾ, ನಮ್ಮ ಖಾನಾವಳ್ಯಾಗ ರೊಟ್ಟಿ ಬಡೀತಿದ್ದಾಕಿ ನೀನ ಏನು?"

"ನಾನ ರಿ. ಹಿಂದಿನ ಕ್ವಾಣ್ಯಾಗ ಇರ್ತಿದ್ದೆ. ಅದನ್ನ ಕೆಡವಿದ ಮ್ಯಾಲ ಮೆಟ್ಟಲಕ್ಕ ಬಂದೆ." ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನಿಮಗ ಮೆತ್ತಂದು ಬೇಕು, ಕಡೀದೊಂದು ಸ್ವಲ್ಪ ಸುಟ್ಟಿರಬೇಕು. ರಫೀಕಣ್ಣಗ ಶೇಂಗಾ ಚಟ್ನಿ ಎರಡು ಸಲ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಕಿಂಡ್ಯಾಗ ನೀವು ಕೈ ಒಂದ ನೋಡಿದ್ರಿ. ಮೆಟ್ಟಲ ಮ್ಯಾಲ ಮಾರಿ ಒಂದ ನೋಡಿದ್ರಿ. ಎರಡೂ ಒಬ್ಬಾಕೀವ ಅಂತ ನಾ ಹೆಂಗ ಹೇಳ್ಬೇಕ್ರಿ?" ಎಂದು ಜೋರಾಗಿ ನಕ್ಕಳು. ನಗು ಬಾರದಿದ್ದರೂ ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಗು ಬಂತು.

ವಾಪಸ್ಸು ಬಾ ಎಂದು ಕರೆದೆವು. ಅವಳು ಸೊಪ್ಪು ಹಾಕಲಿಲ್ಲ.

"ಮೆಟ್ಟಲಕ್ಕಾದ್ರ ನಾ ಒಲ್ಲೆ. ಇಲ್ಲೆ ಫ್ಯಾನ್ ಐತಿ."

ಮೇಡಂ ಕೂಡ ಒಂದು ಹಾಳೆ ಮುಂದಿಟ್ಟರು. "ಆಕಿ ಇಚ್ಛಾ ಇದ್ರ ಕರ್ಕೊಂಡ ಹೋಗ್ರಿ. ಆದ್ರ ಎಲ್ಲಿಗೆ ಅಂತ ಬರೀಬೇಕಾಗ್ತದ. ರಸ್ತೆ ಹೆಸರು ಬರದ್ರ ನಡ್ಯಂಗಿಲ್ಲ."

ನಮ್ಮ ಅಂಗಡಿಯ ಹಿಂದೆ ಒಂದು ಕೋಣೆ ಇದೆ. ಅಪ್ಪ ಹಂಡೆಗಳನ್ನು ಇಡುತ್ತಿದ್ದರು. ಮಾಲು ತರಿಸುವುದನ್ನು ಬಿಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಬೇರೆ ಬಾಗಿಲು, ಒಂದು ನಳ, ಹೊಗೆ ಹೋಗಲು ಮೇಲೆ ಕಿಟಕಿ. ಈ ಕೋಣೆ ಅಷ್ಟು ದಿನ ನನ್ನ ನೆನಪಿಗೇ ಬಂದಿರಲಿಲ್ಲವೆಂದರೆ ನೀವು ನಂಬುವುದಿಲ್ಲ. ಸುಮಂಗಲಾಳಿಗೆ ಫೋನು ಮಾಡಿದೆ. "ಅದನ್ನ ಕೇಳಾಕ ಫೋನ್ ಮಾಡೀರೇನು? ನಾ ಆಗಲೇ ಕಸಬರಗಿ ತಗೊಂಡು ಅಂಗಡೀಗೆ ಹೊಂಟೇನಿ," ಅಂದಳು.

ವಿಳಾಸ ಬರೆದೆ. ಲಕ್ಷ್ಯವೆಲ್ಲ ವಿಳಾಸದ ಮೇಲಿದ್ದು, ಕಾಗೆ ಕಾಲಿನಂಥ ಅಕ್ಷರ ಬಂತು. ಮೇಡಂ ಎರಡು ಸಲ ಓದಿ, "ಇದೇನ್ರಿ, ಮೂರೋ ಎಂಟೋ?" ಎಂದು ಕೇಳಿದರು.

ಆ ಕೋಣೆಗೆ ರಫೀಕ್ ಒಂದು ಹೊಸ ಗಾದಿ ಕೊಟ್ಟ. ನನ್ನ ಅಂಗಡಿಯ ಪರಾತ, ತಪೇಲಿ, ಲೋಟಗಳು ಹಿಂದಿನ ಬಾಗಿಲಿಗೆ ಹೋದವು. ಬಳೆ ಅಂಗಡಿಯವರು ಫ್ಯಾನು ಹಾಕಿಸಿದರು. ಅರ್ಜಿಗೆ ಸಹಿ ಹಾಕಿದವರಲ್ಲಿ ಅವರದ್ದೇ ಮೊದಲ ಸಹಿ. ವಾರದೊಳಗೆ ಒಲೆ ಹೊತ್ತಿತು. ಮೊದಲು ನಾವು ಅಂಗಡಿಯವರಷ್ಟೇ ಉಣ್ಣುತ್ತಿದ್ದೆವು. ಆಮೇಲೆ ಸೇತುವೆ ಕಟ್ಟುವ ಕೆಲಸಗಾರರು ಬಂದರು. ಎಲ್ಲೆಲ್ಲಿಂದಲೋ ಬಂದ, ಕನ್ನಡ ಬಾರದ ಹುಡುಗರು 'ಇನ್ನೊಂದು' ಎಂಬ ಶಬ್ದವನ್ನು ಎಲ್ಲಕ್ಕಿಂತ ಮೊದಲು ಕಲಿತರು. ನೀಲವ್ವನ ರೊಟ್ಟಿಗೆ ಜನ ತಗಡು ದಾಟಿ ಬರತೊಡಗಿದರು. ಬಂದವರು ಕೈ ತೊಳೆದು ಹೊರಟಾಗ ಒಂದು ತಂಬಿಗೆಯನ್ನೋ ದಿಂಬನ್ನೋ ನೋಡುತ್ತಿದ್ದರು.

ಎಲ್ಲವೂ ಮೊದಲಿನ ಹಾಗಾಯಿತು ಎಂದರೆ ಸುಳ್ಳಾಗುತ್ತದೆ. ಸೀರೆ ಅಂಗಡಿ ತೆರೆಯಲೇ ಇಲ್ಲ. ಅಂದು ವ್ಯಾನು ಹತ್ತಿದ ಉಳಿದ ನಾಲ್ವರಲ್ಲಿ ಇಬ್ಬರು ತಮ್ಮ ಊರಿಗೆ ಹೋದರು. ಒಬ್ಬರು ಕೇಂದ್ರದಲ್ಲೇ ಕಾವಲಿಗೆ ನಿಂತರು. ಇನ್ನೊಬ್ಬರ ಸುದ್ದಿ ಸಿಗಲಿಲ್ಲ. ಎರಡು ಸಲ ಹೋಗಿ ಕೇಳಿ ಬಂದೆ. ಆ ಒಬ್ಬರ ನೆನಪಾದಾಗ ಮಾತ್ರ ನನ್ನ ದುಂಡಕ್ಷರದ ಬಗ್ಗೆ ನಗಲು ಆಗುವುದಿಲ್ಲ.

ನೀಲವ್ವನಿಗೆ ಒಂದೇ ಆಸೆ ಉಳಿದಿತ್ತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಾಗಿನಿಂದ ಊರ ಹೆಂಗಸರೆಲ್ಲ ತಿರುಗಾಡುವುದನ್ನು ಅವಳು ಕಲ್ಲಿನ ಮೇಲೆ ಕುಳಿತು ನೋಡಿದ್ದಳು. ಅದಕ್ಕೆ ಕಾರ್ಡು ಬೇಕು. ಕಾರ್ಡಿಗೆ ವಿಳಾಸ ಬೇಕು. ಈಗ ವಿಳಾಸವಿತ್ತು. ಅಂಚೆಯಲ್ಲಿ ಆಧಾರ್ ಕಾರ್ಡು ಬಂದ ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾರಿದಳು: "ನಾಳೆ ಒಲಿ ಹಚ್ಚಂಗಿಲ್ಲ. ಧಾರವಾಡಕ್ಕ ಹೊಂಟೇನಿ. ಉಣ್ಣೂದು ನಿಮ್ಮ ನಿಮ್ಮ ಮನ್ಯಾಗ ನೋಡ್ಕೋರಿ."

ಮರುದಿನ ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೊರಟಳು. ಏನೇನು ನೋಡಬೇಕೆಂದು ನಾವೆಲ್ಲ ಪಟ್ಟಿ ಹೇಳಿದೆವು. ಕೆರೆ ನೋಡು, ಪೇಢಾ ತಿನ್ನು, ಕಾಲೇಜಿನ ಗುಡ್ಡ ಹತ್ತು. ನಾಲ್ಕು ಗಂಟೆಗೆ ಹಿಂತಿರುಗಿ ಬಂದಳು. ನಾವೆಲ್ಲ ಅಂಗಡಿ ಬಿಟ್ಟು ಸುತ್ತ ನೆರೆದೆವು.

"ಏನೇನು ನೋಡಿದಿ ನೀಲವ್ವಾ?"

"ಧಾರವಾಡ ನೋಡ್ಲಿಲ್ರಿ."

"ಮತ್ತ ಮುಂಜಾನಿಂದ ಎಲ್ಲಿದ್ದಿ?"

"ಬಸ್ಸಿನ್ಯಾಗ. ಧಾರವಾಡ ಬಂತು, ಎಲ್ಲಾರೂ ಇಳದ್ರು. ನಾ ಇಳೀಲಿಲ್ಲ. ಕಂಡಕ್ಟರ್ ಇನ್ನೊಂದು ಚೀಟಿ ಹರದು ಕೊಟ್ಟ. ಹಂಗ ಬಂದು, ಹಂಗ ಹೋಗಿ, ಮೂರು ಸಲ ಆತು."

"ಅಯ್ಯ, ಇಳದು ಸುತ್ತಾಡಬಾರದೇನು?"

ನೀಲವ್ವ ನಮ್ಮನ್ನು ಏನೂ ತಿಳಿಯದ ಮಕ್ಕಳನ್ನು ನೋಡುವಂತೆ ನೋಡಿದಳು.

"ಕಿಟಕಿ ಪಕ್ಕ ಜಾಗಾ ಸಿಕ್ಕಿತ್ರಿ," ಅಂದಳು. "ಯಾರೂ ಏಳು ಅನ್ಲಿಲ್ಲ."